ಬಿಸಿಲು ಕೊಟ್ಟ ಕಸುಬು

ನನಗೆ ಅನ್ನ ಹಾಕಿದ್ದು ಸಂಗೀತವಲ್ಲ, ಬಿಸಿಲು. ಅಂಬಾಸಿಡರ್, ಪದ್ಮಿನಿ ಕಾರುಗಳಲ್ಲಿ ಸ್ಪೀಕರ್ ಕೂರಿಸಲು ಒಳ್ಳೆಯ ಜಾಗವೆಂದರೆ ಹಿಂದಿನ ಸೀಟಿನ ಬೆನ್ನಿಗೆ, ಗಾಜಿನ ಕೆಳಗಿದ್ದ ಹಲಗೆ. ಗಾಜಿನಿಂದ ಇಳಿದ ಬಿಸಿಲು ನೇರ ಕೋನಿನ ಮೇಲೆ. ಕಾಗದ ಸೆಟೆದು ಬಿರಿಯುತ್ತಿತ್ತು, ಅಂಚಿನ ಫೋಮು ಪುಡಿಯಾಗಿ ಉದುರುತ್ತಿತ್ತು. ಆ ಗೊರಗೊರ ಸದ್ದು ಹೊತ್ತ ಕಾರುಗಳು ಬೆಂಗಳೂರಿನ ಜೆ.ಸಿ. ರಸ್ತೆಗೆ ಬರುತ್ತಿದ್ದವು.

ಆಗ ಸ್ಪೀಕರ್ ಬದಲಿಸುವುದು ಎಂದರೆ ಕೋನು ಬದಲಿಸುವುದು. ಹರಿದ ಕೋನನ್ನು ಕೊಯ್ದು ತೆಗೆದು, ಮ್ಯಾಗ್ನೆಟ್ಟಿನ ಸಂದಿಯಲ್ಲಿ ಕೂತ ಕಬ್ಬಿಣದ ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಬೇಕು. ಹೊಸ ಕಾಯಿಲ್ ಇಳಿಸಿ, ಅದು ಎಲ್ಲೂ ಉಜ್ಜದಂತೆ ಸುತ್ತ ಹಳೆಯ ಎಕ್ಸ್-ರೇ ಫಿಲಮ್ಮಿನ ಸಣ್ಣ ಪಟ್ಟಿಗಳನ್ನು ಸಿಕ್ಕಿಸಬೇಕು. ಅಂಟು ರಾತ್ರಿಯಿಡೀ ಒಣಗಿದ ಮೇಲೆ ಪಟ್ಟಿ ಎಳೆದು, ಟಾರ್ಚಿನ ಸೆಲ್ ತಾಗಿಸಿದರೆ ಕೋನು ಟಕ್ಕೆಂದು ಮುಂದೆ ನೆಗೆಯುತ್ತದೆ. ಹಿಂದಕ್ಕೆ ಸರಿದರೆ ವೈರು ಅದಲುಬದಲಾಗಿದೆ ಎಂದರ್ಥ. ಎರಡು ಸ್ಪೀಕರಿನಲ್ಲಿ ಒಂದು ಹೀಗೆ ತಿರುವುಮುರುವಾದರೂ ತಬಲಾದ ಡಗ್ಗ ಮಾಯ.

ಅಮೆರಿಕದಲ್ಲಿ ರೈಸ್ ಮತ್ತು ಕೆಲಾಗ್ 1925ರಲ್ಲಿ ಜಗತ್ತಿನ ಮುಂದಿಟ್ಟ ರಚನೆ ಇಂದಿಗೂ ಅದೇ: ಮ್ಯಾಗ್ನೆಟ್ಟು, ಕಾಯಿಲು, ಕೋನು. ಶಿಕಾಗೋದ ಗಾಲ್ವಿನ್ ಸೋದರರು 1930ರಲ್ಲಿ ಕಾರಿಗೆ ರೇಡಿಯೋ ಕಟ್ಟಿ, ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟರು. ನೂರು ಡಾಲರಿಗೂ ಮೇಲಿನ ಬೆಲೆ, ಉಳ್ಳವರ ವಸ್ತು. ಬಡವರ ಕಾರಿಗೂ ಹಾಡು ತಂದದ್ದು ಫಿಲಿಪ್ಸ್ 1963ರಲ್ಲಿ ತೋರಿಸಿದ ಕ್ಯಾಸೆಟ್ಟು. ನಮ್ಮಲ್ಲಿ 1978ರ ‘ನಿತ್ಯೋತ್ಸವ’ದ ನಂತರ ಭಾವಗೀತೆಯೂ ಕ್ಯಾಸೆಟ್ಟಿನಲ್ಲಿ ಕಾರು ಹತ್ತಿತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ನಮ್ಮ ಕೆಲಸದಲ್ಲಿ ಬಡಗಿಯೂ ಪಾಲುದಾರನಾದ. ಡಿಕ್ಕಿ ಮುಚ್ಚುವ ತೆಳು ಹಲಗೆ ಸ್ಪೀಕರಿನ ಭಾರಕ್ಕೆ ನಡುಗುತ್ತಿತ್ತು. ಅದರ ಬದಲು ಪ್ಲೈವುಡ್ ಕೊಯ್ದು, ಕಾರ್ಪೆಟ್ ಹೊದಿಸಿ, ಆರು ಇಂಚು–ಒಂಬತ್ತು ಇಂಚಿನ ಎರಡು ಓವಲ್ ಕೂರಿಸುತ್ತಿದ್ದೆವು. ಅಷ್ಟು ಚಿಕ್ಕ ಕಾರಿಗೆ ಅದು ಅತಿಯೇ, ಆದರೆ ಗಿರಾಕಿ ಕೇಳಿದ್ದು ಅದನ್ನೇ.

1991ರ ನಂತರ ಆಮದು ಸಲೀಸಾಯಿತು. ಹೊರಗಿನ ಅಗ್ಗದ ಜೋಡಿಗಳು ಬರಬರುತ್ತಾ ನಮ್ಮ ರಿಪೇರಿ ಕೂಲಿಗೇ ಸಿಗತೊಡಗಿದವು. ಕೋನು ಹಚ್ಚುವವರು ಒಬ್ಬೊಬ್ಬರಾಗಿ ಸೆಂಟ್ರಲ್ ಲಾಕು, ಸೀಟ್ ಕವರಿನ ಕಡೆ ಹೊರಳಿದರು. ಡಬ್ಬಗಳ ಮೇಲೆ ವ್ಯಾಟಿನ ಸೊನ್ನೆಗಳು ಬೆಳೆದವು. ಪಿಎಂಪಿಒ ಎಂಬ ಲೆಕ್ಕದಲ್ಲಿ ಸಾವಿರ ವ್ಯಾಟೂ ಅಂಗೈಯಗಲದ ಸ್ಪೀಕರಿನಲ್ಲಿ ಅಡಗುತ್ತಿತ್ತು! ನನ್ನ ಕಾಲದಲ್ಲಿ ಗಿರಾಕಿಗೆ ಹೇಳಿದ ದೊಡ್ಡ ಸುಳ್ಳು ಅದೇ, ಮತ್ತು ಅದು ಇನ್ನೂ ಸತ್ತಿಲ್ಲ.

ಇಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು 14 ವೋಲ್ಟ್ ಚಿಲ್ಲರೆ. ಅಷ್ಟರಲ್ಲಿ ಡ್ಯಾಶ್‌ಬೋರ್ಡಿನ ಸೆಟ್ಟು 4 ಓಮಿನ ಸ್ಪೀಕರಿಗೆ ಒಡಕಿಲ್ಲದೆ ಕೊಡಬಲ್ಲದ್ದು 20 ವ್ಯಾಟಿನ ಆಸುಪಾಸು, ಅಷ್ಟೇ. ಹಾಗಾಗಿ ಬೇರೆ ಆಂಪ್ಲಿಫೈಯರ್ ಹಾಕಿಸದವರಿಗೆ ದೊಡ್ಡ ವ್ಯಾಟಿನ ಸ್ಪೀಕರ್ ದಂಡ. ನೋಡಬೇಕಾದದ್ದು ಡೆಸಿಬೆಲ್‌ನಲ್ಲಿ ಬರೆದ ಸೆನ್ಸಿಟಿವಿಟಿ. 87ರ ಬದಲು 90 ಇದ್ದರೆ ಅದೇ ಸದ್ದಿಗೆ ಅರ್ಧ ವ್ಯಾಟು ಸಾಕು.

ಇನ್ನು ಬಾಗಿಲಿಗೆ ಕೊಳ್ಳುವಾಗ ಮ್ಯಾಗ್ನೆಟ್ಟಿನ ಆಳವನ್ನೂ ಅಳೆಯಿರಿ. ಆಳ ಹೆಚ್ಚಾದರೆ ಕಿಟಕಿ ಗಾಜು ಇಳಿಯುವಾಗ ತಗಲುತ್ತದೆ. ಉಳಿದ ದುಡ್ಡಿನಲ್ಲಿ ಸ್ಪೀಕರಿನ ಸುತ್ತ ಫೋಮು ಹಾಕಿಸಿ ಸಂದಿ ಮುಚ್ಚಿಸಿ. ಡಬ್ಬದ ಮೇಲೆ ಆರ್‌ಎಂಎಸ್ ವ್ಯಾಟ್, ಅಂದರೆ ಸ್ಪೀಕರ್ ಸತತವಾಗಿ ತಾಳಬಲ್ಲ ವ್ಯಾಟ್, ಎಷ್ಟೆಂದು ಬರೆದಿರದಿದ್ದರೆ ಎಷ್ಟೇ ಅಗ್ಗವಿದ್ದರೂ ಅಂಗಡಿಯವನಿಗೇ ವಾಪಸ್ ಕೊಡಿ.