ಊರಿನ ಮಹಿಳಾ ಸಂಘ ಹೇಗೆ ನಡೀತದೆ? ವಾರದ 50 ರೂಪಾಯಿಯಿಂದ ಬ್ಯಾಂಕ್ ಸಾಲದ ತನಕ ತಿಳಿದಿರಬೇಕಾದ್ದು

ಹಾವೇರಿ: ನಮ್ಮ ಕಡೆ ಹಳ್ಳಿಗಳಲ್ಲಿ 'ಇವತ್ತು ಸಂಘ ಐತ್ರಿ' ಅಂದ್ರೆ ಎರಡು ಅರ್ಥ. ಒಂದು, ಊರಿನ ಹೆಣ್ಣುಮಕ್ಕಳು ತಾವೇ ಹಣ ಕೂಡಿಸಿ, ತಾವೇ ಸಾಲ ಕೊಟ್ಟು, ತಾವೇ ಲೆಕ್ಕ ಇಡೋ ಸ್ವಸಹಾಯ ಸಂಘ. ಇನ್ನೊಂದು, ಬೈಕ್ ಮೇಲೆ ಬ್ಯಾಗ್ ಹಾಕ್ಕೊಂಡು ಬರೋ ಹುಡುಗ ಯಾರದೋ ಮನೆ ಕಟ್ಟೆ ಮೇಲೆ ಕೂತು ಕಂತು ಎಣಿಸಿಕೊಂಡು ಹೋಗೋ ಮೈಕ್ರೋ ಫೈನಾನ್ಸ್ ಗುಂಪು. ಎರಡಕ್ಕೂ ಜನ ಸಂಘ ಅಂತಲೇ ಕರೀತಾರೆ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ ಕಾಣ್ತವೆ, ಹತ್ತು ಹದಿನೈದು ಮಂದಿ ಚಾಪೆ ಮೇಲೆ ಕೂತಿರ್ತಾರೆ, ಕೈಯಲ್ಲಿ ಪಾಸ್‌ಬುಕ್. ಆದರೆ ಒಂದರಲ್ಲಿ ಬಡ್ಡಿ ವಾಪಸ್ ಅದೇ ಚಾಪೆಗೆ ಬರುತ್ತೆ, ಇನ್ನೊಂದರಲ್ಲಿ ಬೈಕ್ ಹತ್ತಿ ಹೋಗುತ್ತೆ. ಈ ವ್ಯತ್ಯಾಸ ಗೊತ್ತಿಲ್ಲದೇ ಎಷ್ಟೋ ಮನೆಗಳು ಸಾಲದ ಮೇಲೆ ಸಾಲಕ್ಕೆ ಸಿಕ್ಕಿಬಿದ್ದಿವೆ. ಹಾಗಾಗಿ ಮೊದಲನೇ ಥರದ ಸಂಘದ ಬಗ್ಗೆ ಒಂದೇ ಕಡೆ ಮಾಹಿತಿ ಇರಲಿ ಅಂತ ಈ ಬರಹ.

ಎಲ್ಲಿಂದ ಬಂತು ಈ ಸಂಘ

ಹಳೇ ಕಾಲದಲ್ಲಿ ಇದ್ದದ್ದು ಮಹಿಳಾ ಮಂಡಳ. ಹೊಲಿಗೆ, ಭಜನೆ, ಬಾಲವಾಡಿ, ಆಗಸ್ಟ್ 15ಕ್ಕೆ ರಂಗೋಲಿ. ಅದರಲ್ಲಿ ದುಡ್ಡಿನ ವ್ಯವಹಾರ ಕಡಿಮೆ, ಇದ್ದುಳ್ಳ ಮನೆಯವರೇ ಅಧ್ಯಕ್ಷರು. ಈಗ ನಾವು ನೋಡೋ ಉಳಿತಾಯದ ಸಂಘ ಹುಟ್ಟಿದ್ದು 1980ರ ದಶಕದ ನಡುವೆ, ಅದೂ ನಮ್ಮ ಕರ್ನಾಟಕದಲ್ಲೇ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಟಿಬೆಟಿಯನ್ ನಿರಾಶ್ರಿತರ ಪುನರ್ವಸತಿಗೆ ಅಂತ 1968ರಲ್ಲಿ ಶುರುವಾದ ಮೈರಾಡ ಸಂಸ್ಥೆ ಆಗ ಹಳ್ಳಿಗಳಲ್ಲಿ ಸಹಕಾರ ಸಂಘಗಳ ಮೂಲಕ ಕೆಲಸ ಮಾಡ್ತಿತ್ತು. ಆ ದೊಡ್ಡ ಸಂಘಗಳು ಒಡೆದು ಹೋದಾಗ ಸಣ್ಣ ಸಣ್ಣ ಗುಂಪಿನ ಜನ ಬಂದು 'ನಾವು ಸಾಲ ಕಟ್ತೀವಿ, ಆದರೆ ಆ ಸಂಘಕ್ಕೆ ಕಟ್ಟಲ್ಲ' ಅಂದರಂತೆ. ಹಾಗಾದ್ರೆ ನಿಮ್ಮ ಗುಂಪಿಗೇ ಕಟ್ಕೊಳ್ಳಿ, ಅದನ್ನೇ ತಿರುಗಿಸಿ ಅಂತ ಮೈರಾಡದವರು ಹೇಳಿದರು. ಅಲ್ಲಿಂದ ಬೆಳೆದ ವ್ಯವಸ್ಥೆ ಇದು. ಒಬ್ಬರಿಗೊಬ್ಬರು ನಂಬೋ ಜನ, ಎಲ್ಲರ ಮುಖ ಎಲ್ಲರಿಗೂ ಗೊತ್ತಿರೋ ಸಣ್ಣ ಗುಂಪು, ಇದೇ ಅದರ ತಿರುಳು.

1987ರಲ್ಲಿ ನಬಾರ್ಡ್ ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. 1991ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುತ್ತೋಲೆ ಬಂತು, 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸೋ ಪ್ರಯೋಗವನ್ನು ನಬಾರ್ಡ್ ಶುರು ಮಾಡಿತು. ನೋಂದಣಿ ಇಲ್ಲದ, ಆಸ್ತಿ ಪತ್ರ ಇಲ್ಲದ ಗುಂಪಿಗೆ ಬ್ಯಾಂಕ್ ಸಾಲ ಕೊಡೋದು ಅಂದ್ರೆ ಆ ಕಾಲಕ್ಕೆ ಸಣ್ಣ ಮಾತಲ್ಲ.

ನಮ್ಮೂರಲ್ಲಿ ಸಂಘ ಮನೆಮಾತಾಗಿದ್ದು 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ. ಅಂಗನವಾಡಿ ಟೀಚರ್ ಮನೆ ಮನೆಗೆ ಹೋಗಿ 15-20 ಹೆಣ್ಣುಮಕ್ಕಳನ್ನು ಸೇರಿಸಿ ಗುಂಪು ಕಟ್ಟಿದರು. ಅತ್ತ 1982ರಲ್ಲಿ ಧರ್ಮಸ್ಥಳದಿಂದ ಶುರುವಾದ ಗ್ರಾಮಾಭಿವೃದ್ಧಿ ಯೋಜನೆಯೂ ಆಮೇಲೆ ಬೇರೆ ಜಿಲ್ಲೆಗಳಿಗೆ ಹರಡಿತು. 2011ರಲ್ಲಿ ಕೇಂದ್ರದ ಜೀವನೋಪಾಯ ಅಭಿಯಾನ ಬಂತು, ರಾಜ್ಯದಲ್ಲಿ ಅದರ ಹೆಸರು ಸಂಜೀವಿನಿ. ಹಾಗಾಗಿ ಒಂದೇ ಓಣಿಯಲ್ಲಿ ಸ್ತ್ರೀಶಕ್ತಿಯೂ ಇದೆ, ಸಂಜೀವಿನಿಯೂ ಇದೆ, ಧರ್ಮಸ್ಥಳದ್ದೂ ಇದೆ. ಒಬ್ಬಾಕೆಯೇ ಎರಡು ಮೂರರಲ್ಲಿ ಸದಸ್ಯೆ ಆಗಿರೋದೂ ಇದೆ, ಅದರ ತೊಂದರೆಗೆ ಆಮೇಲೆ ಬರೋಣ.

ವಾರದ ಸಭೆಯಲ್ಲಿ ಏನಾಗುತ್ತೆ

ಸಾಮಾನ್ಯವಾಗಿ 10ರಿಂದ 20 ಜನ, ಒಂದು ಮನೆಯಿಂದ ಒಬ್ಬರೇ. ಅಂಗವಿಕಲರ ಗುಂಪಿನಂಥ ವಿಶೇಷ ಗುಂಪಿಗೆ 5 ಜನ ಇದ್ರೂ ಸಾಕು. ಇಪ್ಪತ್ತರೊಳಗೆ ಇದ್ದರೆ ನೋಂದಣಿ ಕಡ್ಡಾಯ ಅಲ್ಲ. ಇಬ್ಬರು ಪ್ರತಿನಿಧಿಗಳು, ಅವರನ್ನು ಕಾಲಕಾಲಕ್ಕೆ ಬದಲಾಯಿಸಬೇಕು. ಬದಲಾಯಿಸ್ತಾರಾ ಅಂದ್ರೆ, ಬಹಳ ಕಡೆ ಇಲ್ಲ. ಓದು ಬರಹ ಬರೋದು ಆಕೆಗೊಬ್ಬಳಿಗೇ ಅಂತ ಅದೇ ಅಕ್ಕಾರೇ ಹತ್ತು ವರ್ಷ ಮುಂದುವರೀತಾರೆ.

ಸಂಜೀವಿನಿಯವರು ಪಂಚಸೂತ್ರ ಅಂತ ಕಲಿಸ್ತಾರೆ: ತಪ್ಪದೇ ಸಭೆ, ತಪ್ಪದೇ ಉಳಿತಾಯ, ತಪ್ಪದೇ ಒಳಸಾಲ, ಹೇಳಿದ ದಿನಕ್ಕೆ ಮರುಪಾವತಿ, ಅಂದಂದೇ ಪುಸ್ತಕ ಬರೆಯೋದು. ಕೇಳಕ್ಕೆ ಸುಲಭ. ಮೆಣಸಿನಕಾಯಿ ಸುಗ್ಗಿ ಬಂದಾಗ ಬ್ಯಾಡಗಿ ಸುತ್ತಮುತ್ತ ತೊಟ್ಟು ಬಿಡಿಸೋ ಕೂಲಿಗೆ ಹೋದವರು ಕತ್ತಲಾದ ಮೇಲೆ ಬರ್ತಾರೆ, ಆಮೇಲೆ ರೊಟ್ಟಿ ಬಡಿಯೋದು, ಆಮೇಲೆ ಸಂಘ. ರಾತ್ರಿ ಒಂಬತ್ತಕ್ಕೆ ಗುಡಿ ಕಟ್ಟೆ ಮೇಲೆ ಬಲ್ಬಿನ ಬೆಳಕಲ್ಲಿ ಕೂತು ಹಾಜರಿ ಹಾಕಿಸಿಕೊಳ್ಳೋದು ನಾವು ಗಂಡಸರು ಅಂದ್ಕೊಂಡಷ್ಟು ಸಲೀಸಲ್ಲ.

ಪುಸ್ತಕ ಅಂದ್ರೆ ಮುಖ್ಯವಾಗಿ ನಡವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ-ಸಾಲದ ಲೆಡ್ಜರ್, ಸದಸ್ಯರ ಪಾಸ್‌ಬುಕ್. ಯಾರಿಗೆ ಎಷ್ಟು ಸಾಲ, ಯಾವ ಕಾರಣಕ್ಕೆ ಅನ್ನೋ ಠರಾವು ನಡವಳಿಯಲ್ಲಿ ಬರಬೇಕು, ಎಲ್ಲರ ಸಹಿ ಇಲ್ಲವೇ ಹೆಬ್ಬೆಟ್ಟು ಬೀಳಬೇಕು. ನನ್ನಂಗೆ ಡಿಗ್ರಿ ಅರ್ಧಕ್ಕೆ ಬಿಟ್ಟ ಹುಡುಗರಿಗೆ, ಹುಡುಗಿಯರಿಗೆ ಊರಲ್ಲಿ ಮೊದಲು ಸಿಗೋ ಮರ್ಯಾದೆ ಕೆಲಸ ಅಂದ್ರೆ ಈ ಪುಸ್ತಕ ಬರೆದುಕೊಡೋದು. ಚಹಾ ಚುರುಮುರಿ ಗ್ಯಾರಂಟಿ.

ಲೆಕ್ಕ ನೋಡಿ. 15 ಜನ, ವಾರಕ್ಕೆ 50 ರೂಪಾಯಿ ಅಂದ್ರೆ ವಾರಕ್ಕೆ 750, ವರ್ಷಕ್ಕೆ 39,000. ಇದನ್ನು ಬ್ಯಾಂಕಲ್ಲಿ ಸುಮ್ಮನೆ ಇಡಲ್ಲ, ಒಳಗೊಳಗೇ ಸಾಲ ಕೊಡ್ತಾರೆ. ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಅಂತ ಇಟ್ಕೊಳ್ಳಿ. 10,000 ತಗೊಂಡು ತಿಂಗಳಿಗೆ ಸಾವಿರದಂತೆ ಅಸಲು ಕಟ್ಟಿದರೆ, ಉಳಿದ ಅಸಲಿಗಷ್ಟೇ ಬಡ್ಡಿ ಹಿಡಿದು ಹತ್ತು ತಿಂಗಳಿಗೆ ಒಟ್ಟು 1,100 ರೂಪಾಯಿ ಬಡ್ಡಿ. ಅದೇ ಹತ್ತು ಸಾವಿರವನ್ನು ಕೈಸಾಲದವರ ಹತ್ತಿರ ನೂರಕ್ಕೆ 5ರಂತೆ ತಂದು, ಅಸಲು ಕೊನೆಗೆ ಕೊಟ್ಟರೆ ಹತ್ತು ತಿಂಗಳಿಗೆ ಬಡ್ಡಿಯೇ 5,000. ಇನ್ನೂ ಒಂದು ಮಾತು: ಸಂಘದ 1,100 ಎಲ್ಲೂ ಹೋಗಲ್ಲ, ಸಂಘದ ಬಂಡವಾಳಕ್ಕೇ ಸೇರುತ್ತೆ, ಅದರಲ್ಲಿ ಸಾಲ ತಗೊಂಡವಳ ಪಾಲೂ ಇರುತ್ತೆ.

ಬ್ಯಾಂಕಿಗೆ ಹೋದಾಗ ಗೊತ್ತಿರಬೇಕಾದ್ದು

ಈ ಭಾಗ ಕತ್ತರಿಸಿ ಇಟ್ಕೊಳ್ಳಿ, ಇಲ್ಲಾಂದ್ರೆ ಸ್ಕ್ರೀನ್‌ಶಾಟ್ ತಗೊಳ್ಳಿ. ಆರು ತಿಂಗಳು ಚೆನ್ನಾಗಿ ನಡೆದ ಸಂಘ ಸಾಲ ಕೇಳಬಹುದು. ಆ ಆರು ತಿಂಗಳನ್ನು ಎಣಿಸೋದು ಸಂಘದ ಪುಸ್ತಕದಿಂದ, ಖಾತೆ ತೆಗೆದ ದಿನದಿಂದ ಅಲ್ಲ. ಖಾತೆ ತಡವಾಗಿ ಆಯ್ತು ಅಂತ ವಾಪಸ್ ಕಳಿಸಿದರೆ ಇದನ್ನು ಹೇಳಿ. ಸಂಜೀವಿನಿ ಅಡಿ ಬರೋ ಸಂಘಕ್ಕೆ ಮೊದಲ ಕಂತಿನ ಸಾಲ ಸಂಘದ ಒಟ್ಟು ಬಂಡವಾಳದ 6 ಪಟ್ಟು ಅಥವಾ ಕನಿಷ್ಠ 1.5 ಲಕ್ಷ, ಯಾವುದು ಹೆಚ್ಚೋ ಅದು ಅಂತ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುತ್ತೆ. ಮೇಲಿನ ಲೆಕ್ಕದ ಸಂಘ ಆರು ತಿಂಗಳಿಗೆ 19,500 ಕೂಡಿಸಿರುತ್ತೆ, ಆರು ಪಟ್ಟು ಅಂದ್ರೆ 1,17,000. ಹಾಗಾಗಿ ಅದಕ್ಕೆ 1.5 ಲಕ್ಷದ ನಿಯಮವೇ ಲಾಭ.

10 ಲಕ್ಷದ ತನಕದ ಸಂಘದ ಸಾಲಕ್ಕೆ ಅಡಮಾನ ಕೇಳೋ ಹಾಗಿಲ್ಲ. ಸಂಘದ ಉಳಿತಾಯ ಖಾತೆಯನ್ನು ಹಿಡಿದಿಡೋ ಹಾಗಿಲ್ಲ. ಸಾಲ ಮಂಜೂರು ಮಾಡಬೇಕಾದರೆ ಮೊದಲು ಎಫ್‌ಡಿ ಇಡಿ ಅಂತ ಒತ್ತಾಯ ಮಾಡೋ ಹಾಗೂ ಇಲ್ಲ. ಯಾರೋ ಒಬ್ಬ ಸದಸ್ಯೆಯ ಗಂಡ ಬೆಳೆ ಸಾಲ ಕಟ್ಟಿಲ್ಲ ಅನ್ನೋ ಕಾರಣಕ್ಕೆ ಇಡೀ ಸಂಘಕ್ಕೆ ಸಾಲ ಇಲ್ಲ ಅನ್ನೋದು ಸರಿಯಲ್ಲ, ಸಂಘ ಸುಸ್ತಿ ಆಗಿರಬಾರದು ಅಷ್ಟೇ. ಆದರೆ ಬ್ಯಾಂಕಿಗೆ ಸುಸ್ತಿ ಆದ ಸದಸ್ಯೆಗೆ ಆ ಬ್ಯಾಂಕ್ ಸಾಲದ ಹಣದಲ್ಲಿ ಪಾಲು ಕೊಡೋ ಹಾಗಿಲ್ಲ, ಅದೂ ನೆನಪಿರಲಿ.

ಬ್ಯಾಂಕ್ ಬಿಟ್ಟು ಸಂಜೀವಿನಿಯಿಂದ ಬರೋ ಹಣವೂ ಇದೆ, ಸುತ್ತು ನಿಧಿ ಮತ್ತು ಸಮುದಾಯ ಬಂಡವಾಳ ನಿಧಿ. ಬಂಡವಾಳ ನಿಧಿ ಗ್ರಾಮ ಪಂಚಾಯತಿ ಮಟ್ಟದ ಒಕ್ಕೂಟದ ಮೂಲಕ ಬರುತ್ತೆ. ಅದು ಸಾಲ, ಒಕ್ಕೂಟಕ್ಕೆ ವಾಪಸ್ ಕಟ್ಟಬೇಕು. 'ಸರ್ಕಾರದ ದುಡ್ಡು, ಮನ್ನಾ ಆಗ್ತದ ಬಿಡ್ರಿ' ಅಂತ ಹೇಳೋರ ಮಾತು ಕೇಳಿದರೆ ಪಕ್ಕದ ಓಣಿಯ ಸಂಘಕ್ಕೆ ಸಿಗೋ ಸರದಿ ತಪ್ಪುತ್ತೆ.

ಎಲ್ಲಿ ಕೆಡುತ್ತೆ

ಹೊಗಳಿ ಬರೆದು ಬಿಡೋದು ಸುಲಭ. ಆದರೆ ಸಂಘ ಒಡೆಯೋದು ಬಹುತೇಕ ನಾಲ್ಕೈದು ಕಾರಣಕ್ಕೇ, ಊರು ಯಾವುದಾದರೂ.

ಮೊದಲನೆಯದು ಪುಸ್ತಕ. ಎಲ್ಲ ಪುಸ್ತಕ ಒಬ್ಬರ ಮನೆಯ ಟ್ರಂಕಿನಲ್ಲಿ, ಖಾಲಿ ಚೆಕ್ಕಿಗೆ ಇಬ್ಬರ ಸಹಿ ಮೊದಲೇ ಹಾಕಿಸಿ ಇಟ್ಟಿರ್ತಾರೆ. ನಂಬಿಕೆ ಅಂತಾರೆ. ನಂಬಿಕೆ ಇರೋ ಕಡೆಯೂ ತಿಂಗಳಿಗೊಮ್ಮೆ ಬ್ಯಾಂಕ್ ಪಾಸ್‌ಬುಕ್ ಎಂಟ್ರಿ ಮಾಡಿಸಿ ಸಭೆಯಲ್ಲಿ ಗಟ್ಟಿಯಾಗಿ ಓದೋದರಲ್ಲಿ ತಪ್ಪೇನಿದೆ? ಓದಕ್ಕೆ ಬರದವರು ಹೈಸ್ಕೂಲಿಗೆ ಹೋಗೋ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಸಾಕು.

ಎರಡನೆಯದು ಬೇರೆಯವರ ಹೆಸರಲ್ಲಿ ಸಾಲ. ವಾರಗಿತ್ತಿ ಹೆಸರಲ್ಲಿ ಸಾಲ, ದುಡ್ಡು ಇನ್ನೊಬ್ಬರ ಕೈಗೆ. ಕಂತು ನಿಂತಾಗ ಕೋರ್ಟಿಗೆ ಹೋದರೂ ಸಹಿ ಯಾರದೋ ಅವರೇ ಸಾಲಗಾರರು.

ಮೂರನೆಯದೇ ಆ ಬೈಕಿನ ಸಂಘ. ಸ್ವಸಹಾಯ ಸಂಘದಲ್ಲಿ ಬ್ಯಾಂಕ್ ಸಾಲ ಸಂಘದ ಹೆಸರಲ್ಲಿ ಇರುತ್ತೆ. ಮೈಕ್ರೋ ಫೈನಾನ್ಸಲ್ಲಿ ಸಾಲ ಒಬ್ಬೊಬ್ಬರ ಹೆಸರಲ್ಲಿ, ಗುಂಪು ಬರೀ ಜಾಮೀನಿಗೆ. ಒಂದರ ಕಂತು ಕಟ್ಟಕ್ಕೆ ಇನ್ನೊಂದು, ಅದರ ಕಂತಿಗೆ ಸ್ವಸಹಾಯ ಸಂಘದ ಒಳಸಾಲ, ಕೊನೆಗೆ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಬಂದ ದಿನವೇ ಹೋಗುತ್ತೆ. ಎರಡು ಮೂರು ಸಂಘದಲ್ಲಿ ಸದಸ್ಯೆ ಆಗೋದರ ತೊಂದರೆ ಇದೇ: ಯಾವ ಪುಸ್ತಕದಲ್ಲೂ ಆಕೆಯ ಪೂರ್ತಿ ಸಾಲ ಕಾಣಲ್ಲ.

ರಿಸರ್ವ್ ಬ್ಯಾಂಕಿನ 2022ರ ನಿಯಮ ಪ್ರಕಾರ ಮೈಕ್ರೋ ಫೈನಾನ್ಸ್ ಸಾಲಕ್ಕೆ ಅಡಮಾನ ಇಲ್ಲ, ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಯವರು ಬೆಳಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡೋ ಹಾಗಿಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ತಂದ ಸುಗ್ರೀವಾಜ್ಞೆಯಲ್ಲಿ ಬಲವಂತದ ವಸೂಲಿಗೆ 10 ವರ್ಷದ ತನಕ ಜೈಲು, 5 ಲಕ್ಷದ ತನಕ ದಂಡ ಇಟ್ಟಿದೆ. ಮನೆ ಬಾಗಿಲಿಗೆ ಬಂದು ಮಕ್ಕಳ ಮುಂದೆ ಮಾನ ತೆಗೆಯೋರಿಗೆ ಹೆದರಬೇಕಾಗಿಲ್ಲ.

ಇನ್ನು ಸಂಘದ ಒಳಗಿನ ಒತ್ತಡ. ಒಬ್ಬಾಕೆಯ ಗಂಡ ಆಸ್ಪತ್ರೆಯಲ್ಲಿ, ಮೂರು ವಾರದಿಂದ ಕಂತಿಲ್ಲ. 'ಮುಂದಿನ ವಾರ ಕೂಡಿಸಿ ಕೊಡ್ತೀನ್ರಿ ಅಕ್ಕಾರ' ಅಂತಾಳೆ. ಹದಿನಾಲ್ಕು ಜನ ಏನು ಮಾಡಬೇಕು? ಚೆನ್ನಾಗಿ ನಡೆಯೋ ಸಂಘ ಠರಾವು ಬರೆದು ಕಂತಿನ ಅವಧಿ ಮುಂದೂಡುತ್ತೆ. ಕೆಟ್ಟದಾಗಿ ನಡೆಯೋದು ಆಕೆಯ ಮನೆ ಮುಂದೆ ಕೂರುತ್ತೆ. ಮೊದಲನೆಯದು ಮಾಡಕ್ಕೆ ಯಾವ ಕಾನೂನೂ ಅಡ್ಡ ಬರಲ್ಲ, ಆದರೂ ಎರಡನೆಯದೇ ನಡೆಯೋದಿದೆ.

ಅಂಗಡಿಯವರಿಗೆ ಇದರಿಂದ ಏನು

ಕಿರಾಣಿ ಅಂಗಡಿಯವರಿಗೆ ಸಂಘದ ವಾರ ಯಾವುದು ಅಂತ ಬಾಯಿಪಾಠ. ಉದ್ರಿ ಪುಸ್ತಕ ಚುಕ್ತಾ ಆಗೋದೂ ಸಂಘದ ಸಾಲದಿಂದಲೇ ಎಷ್ಟೋ ಸಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶಾವಿಗೆ, ಖಾರದಪುಡಿ ಮಾಡೋ ಸಂಘಗಳಿಂದ ಮಾಲು ತಗೊಳ್ಳೋ ಅಂಗಡಿಯವರು ಎರಡು ನೋಡ್ಕೊಳ್ಳಿ: ಪ್ಯಾಕೆಟ್ ಮೇಲೆ ತೂಕ, ತಯಾರಿಸಿದ ದಿನ, ಬೆಲೆ ಇದೆಯಾ, ಆಹಾರ ಸುರಕ್ಷತಾ ನೋಂದಣಿ ನಂಬರ್ ಇದೆಯಾ. ಇಲ್ಲದಿದ್ದರೆ ಮಾಲು ವಾಪಸ್ ಮಾಡಬೇಡಿ, ಮಾಡಿಸಿಕೊಳ್ಳಿ ಅಂತ ಹೇಳಿ. ಸಣ್ಣ ತಯಾರಕರ ನೋಂದಣಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ. ಮತ್ತೆ ದುಡ್ಡು ಮಾಲು ಮಾರಾಟ ಆದಮೇಲೆ ಅಂತ ತಿಂಗಳುಗಟ್ಟಲೆ ಎಳೀಬೇಡಿ, ಅವರ ಬಂಡವಾಳ ವಾರದ ಐವತ್ತು ರೂಪಾಯಿ ಅನ್ನೋದು ನೆನಪಿರಲಿ.

ಹಲವು ಪಂಚಾಯತಿಗಳಲ್ಲಿ ಕಸದ ಗಾಡಿ ಓಡಿಸೋದು, ಕಸ ಬೇರ್ಪಡಿಸೋದು ಸಂಜೀವಿನಿ ಒಕ್ಕೂಟದ ಹೆಣ್ಣುಮಕ್ಕಳೇ, ಪಂಚಾಯತಿ ಜೊತೆ ಒಡಂಬಡಿಕೆ ಮಾಡ್ಕೊಂಡು. ಅಂಗಡಿಗೆ ಹಾಕಿರೋ ತಿಂಗಳ ಕಸದ ಶುಲ್ಕ ಕೇಳಕ್ಕೆ ಬಂದಾಗ 'ನಾಳೆ ಬಾ' ಅನ್ನೋದು ನಮ್ಮ ಬಜಾರಿನ ಹಳೇ ಚಾಳಿ. ಆ ಡ್ರೈವರ್ ಅಕ್ಕನ ಪಗಾರಕ್ಕೂ ಆ ಶುಲ್ಕಕ್ಕೂ ಸಂಬಂಧ ಇದೆ. ಕೆಲವು ಸಂಘಗಳು ದೊಡ್ಡ ಪಾತ್ರೆ, ಕುರ್ಚಿ ಕೊಂಡು ಮದುವೆ ಮುಂಜಿಗೆ ಬಾಡಿಗೆ ಕೊಡ್ತಾವೆ. ಇನ್ನು ಪಂಚಾಯತಿಯಲ್ಲಿ ಮಹಿಳೆಯರಿಗೆ ಅರ್ಧ ಸೀಟು ಮೀಸಲು ಇರೋದರಿಂದ ಚುನಾವಣೆಗೆ ನಿಲ್ಲೋ ಹೆಣ್ಣುಮಕ್ಕಳಲ್ಲಿ ಸಂಘದಿಂದ ಬಂದವರೂ ಇರ್ತಾರೆ. ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿದ ರೂಢಿ ಅಲ್ಲಿ ಉಪಯೋಗಕ್ಕೆ ಬರುತ್ತೆ.

ಯಾರನ್ನು ಕೇಳಬೇಕು

ಹೊಸ ಸಂಘ ಕಟ್ಟೋರು ಮೊದಲು ಪಂಚಾಯತಿ ಒಕ್ಕೂಟದ ಎಂಬಿಕೆ, ಅಂದ್ರೆ ಮುಖ್ಯ ಪುಸ್ತಕ ಬರಹಗಾರರನ್ನು ಕಾಣಿ. ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯತಿಯಲ್ಲಿ ಸಂಜೀವಿನಿ ಸಿಬ್ಬಂದಿ ಸಿಗ್ತಾರೆ. ಸ್ತ್ರೀಶಕ್ತಿ ಗುಂಪಿನ ವಿಷಯ ಆದರೆ ಅಂಗನವಾಡಿ ಟೀಚರ್, ಅವರ ಮೇಲೆ ಸಿಡಿಪಿಒ ಕಚೇರಿ. ಬ್ಯಾಂಕಿನವರು ಮೇಲಿನ ನಿಯಮ ಒಪ್ಪದಿದ್ದರೆ ಮೊದಲು ಶಾಖೆಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ತಗೊಳ್ಳಿ, ಆಮೇಲೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್ ಸಹಾಯವಾಣಿ 14448ಕ್ಕೆ ಫೋನ್ ಮಾಡಿ. ವಸೂಲಿಯವರು ಮನೆಗೆ ಬಂದು ಗಲಾಟೆ ಮಾಡ್ತಿದ್ದರೆ 112. ಬ್ಯಾಂಕಿಗೆ ಹೋಗುವಾಗ ನಡವಳಿ ಪುಸ್ತಕ ಒಯ್ಯೋದು ಮರೀಬೇಡಿ, ಮತ್ತೆ ಒಬ್ಬರೇ ಹೋಗಬೇಡಿ, ಕನಿಷ್ಠ ಮೂವರು ಹೋಗಿ.