640 ಎಕರೆ ಸಿಕ್ಕರೂ ಉಳೋಕಾಗದ ಮರಳು



ಆಷಾಢದ ಗಾಳಿ ಜೋರಾಗಿದೆ. ಹಳ್ಳದ ಪಕ್ಕ ಮರಳು ಹೊಲ ಇರೋರಿಗೆ ಹೇಳೋದೇ ಬೇಡ, ಮಧ್ಯಾಹ್ನ ಕಣ್ಣು ಬಿಡೋಕಾಗಲ್ಲ. ಮೊನ್ನೆ ಒಬ್ರು ಕೇಳಿದ್ರು: "ದಂಡೇಲಿ ನಾಲ್ಕು ಎಕರೆ ಮರಳು ಬೀಳು ಬಿದ್ದಿದೆ, ಬರೀ ಹುಲ್ಲು. ಟ್ರ್ಯಾಕ್ಟರ್ ಹೊಡ್ಸಿ ಶೇಂಗಾ ಹಾಕ್ಲಾ?" ಆ ಪ್ರಶ್ನೆಗೆ ನೂರು ವರ್ಷದ ಹಿಂದೆ ಒಂದು ಸೀಮೆಯ ಜನ ತಮ್ಮ ಬದುಕನ್ನೇ ಪಣಕ್ಕಿಟ್ಟು ಉತ್ತರ ಕಂಡುಕೊಂಡಿದ್ರು. ಅದನ್ನೇ ಇವತ್ತು ಬರೀತೀನಿ. ಉದ್ದ ಇದೆ, ಬಿಡುವಾದಾಗ ಓದಿ.

ಅಮೆರಿಕದ ನಡುಭಾಗದಲ್ಲಿ ನೆಬ್ರಾಸ್ಕಾ ಅಂತ ಒಂದು ರಾಜ್ಯ. ಅದರ ಕಾಲು ಭಾಗದಷ್ಟು, ಅಂದ್ರೆ ಸುಮಾರು 50,000 ಚದರ ಕಿಲೋಮೀಟರ್, ಬರೀ ಮರಳು ದಿಬ್ಬಗಳು. ಕೆಲವು ದಿಬ್ಬ 400 ಅಡಿ ಎತ್ತರ. ಇದು ಹೊಳೆ ತಂದು ಹಾಕಿದ ಮರಳಲ್ಲ, ಗಾಳಿ ಒಟ್ಟಿದ್ದು. ಆದರೆ ಮರುಭೂಮಿಯೂ ಅಲ್ಲ. ವರ್ಷಕ್ಕೆ ಪಶ್ಚಿಮದ ಕಡೆ ಸುಮಾರು 430 ಮಿಲಿಮೀಟರ್, ಪೂರ್ವದ ಕಡೆ 580ರವರೆಗೆ ಮಳೆ. ಹೆಚ್ಚುಕಮ್ಮಿ ನಮ್ಮ ಬಯಲುಸೀಮೆ ಲೆಕ್ಕವೇ. ದಿಬ್ಬಗಳ ಮೇಲೆಲ್ಲ ಹುಲ್ಲು ಹೊದ್ದಿದೆ. ಎಂಟುನೂರು, ಸಾವಿರ ವರ್ಷದ ಹಿಂದೆ ದೊಡ್ಡ ಬರ ಬಿದ್ದಾಗ ಹುಲ್ಲು ಒಣಗಿ, ಇದೇ ದಿಬ್ಬಗಳು ಎದ್ದು ಓಡಾಡಿದ್ವು. ಮಳೆ ಮರಳಿದ ಮೇಲೆ ಹುಲ್ಲು ಬಂದು ಮತ್ತೆ ಕಟ್ಟಿಹಾಕಿತು.

ಈ ಮಣ್ಣಿಗೆ ಅಲ್ಲಿನ ಮಣ್ಣು ತಜ್ಞರು ವ್ಯಾಲೆಂಟೈನ್ ಮಣ್ಣು ಅಂತಾರೆ. ಅಲ್ಲಿನ ಒಂದು ಊರಿನ ಹೆಸರು ಅದು. ಮೇಲೆ ಒಂದು ಗೇಣೂ ಇಲ್ಲದ ಕಪ್ಪು ಪದರ, ಕೆಳಗೆ ಎಷ್ಟು ಅಗೆದರೂ ಸಣ್ಣ ಮರಳೇ. ಜೇಡಿ ಅನ್ನೋದು ಇಲ್ಲವೇ ಇಲ್ಲ ಅನ್ನಬಹುದು, ಹಾಗಾಗಿ ಒದ್ದೆ ಮಾಡಿ ಉಂಡೆ ಕಟ್ಟಿದರೂ ಒಣಗಿದ ಕೂಡಲೇ ಉದುರುತ್ತೆ. ಹೆಂಟೆ ಏಳಲ್ಲ. ಹೆಂಟೆ ಇಲ್ಲದ ನೆಲಕ್ಕೆ ಗಾಳಿ ಎದುರು ತಡೆಯಿಲ್ಲ. ಒಂದು ಮರಳು ಕಣ ಹಾರಿ ಬಿದ್ದು ಇನ್ನೆರಡನ್ನ ಎಬ್ಬಿಸುತ್ತೆ, ಅವು ಇನ್ನೂ ನಾಲ್ಕನ್ನ.

ನೀರಿನ ಲೆಕ್ಕ ಇನ್ನೂ ವಿಚಿತ್ರ. ಒಂದು ಅಡಿ ಆಳದ ಇಂಥ ಮಣ್ಣು ಬೆಳೆಗೆ ಅಂತ ಹಿಡಿದಿಟ್ಟುಕೊಳ್ಳೋದು ಸುಮಾರು 20 ಮಿಲಿಮೀಟರ್ ನೀರು. ಒಳ್ಳೆ ಗೋಡು ಮಣ್ಣು ಅದರ ಎರಡು-ಮೂರು ಪಟ್ಟು ಹಿಡಿಯುತ್ತೆ. ಆದರೆ ಎಂಥ ಮಳೆ ಬಂದರೂ ಮರಳಿನ ಮೇಲೆ ಹರಿದು ಹೋಗಲ್ಲ, ಇಳಿದು ಹೋಗುತ್ತೆ. ಹಾಗೆ ಇಳಿದಿಳಿದು ಅಲ್ಲಿ ನೆಲದಡಿ ದೊಡ್ಡ ಜಲರಾಶಿ ನಿಂತಿದೆ. ಕೆಲವು ಕಡೆ ನೀರು ತುಂಬಿದ ಪದರವೇ ಸಾವಿರ ಅಡಿ ದಪ್ಪ. ಅಲ್ಲಿನ ಹೊಳೆಗಳಿಗೆ ಬೇಸಿಗೆಯಲ್ಲೂ ನೀರು ಬರೋದು ಅಲ್ಲಿಂದಲೇ. ಒಂದೇ ಮಣ್ಣು, ಬೆಳೆಗೆ ಜಿಪುಣ, ಬಾವಿಗೆ ದಾನಶೂರ.

ಈಗ ಜನರ ಕಥೆ. ಬಿಳಿಯರು ಬರೋ ಮುಂಚೆ ಲಕೋಟಾ, ಪಾನಿ ಬುಡಕಟ್ಟಿನವರು ಇಲ್ಲಿ ಕಾಡೆಮ್ಮೆ ಬೇಟೆ ಆಡ್ತಿದ್ರು. ಆಮೇಲೆ ಬಂದ ದನಗಾರರು ಈ ದಿಬ್ಬಗಳಿಗೆ ಹೆದರ್ತಿದ್ರು, ಒಳಗೆ ಹೋದ ದನ ಸತ್ತಂತೆ ಅಂತ. 1879ರಲ್ಲಿ ಹಿಮಗಾಳಿಗೆ ಸಿಕ್ಕಿ ಒಂದು ದೊಡ್ಡ ಹಿಂಡು ದಿಬ್ಬಗಳೊಳಗೆ ನುಗ್ಗಿಬಿಡ್ತು. ಹುಡುಕಿಕೊಂಡು ಹೋದವರಿಗೆ ಕಂಡಿದ್ದು ಹೆಣ ಅಲ್ಲ, ಕೊಬ್ಬಿದ ದನ. ಯಾರ ಮುದ್ರೆಯೂ ಇಲ್ಲದ ಎಷ್ಟೋ ದನ ಮೊದಲೇ ಅಲ್ಲಿ ಬೆಳೆದಿದ್ವು. ದಿಬ್ಬದ ಮೇಲೆ ಹುಲ್ಲು, ತಗ್ಗಿನಲ್ಲಿ ನೀರು, ಗಾಳಿಗೆ ಮರೆ. ದನಕ್ಕೆ ಇನ್ನೇನು ಬೇಕು?

ಸರ್ಕಾರದ ಲೆಕ್ಕ ಬೇರೆ ಇತ್ತು. 1862ರ ಕಾನೂನಿನಲ್ಲಿ ಒಂದು ಕುಟುಂಬಕ್ಕೆ 160 ಎಕರೆ ಕೊಡ್ತಿದ್ರು. ಈ ಮರಳಲ್ಲಿ ಅದು ಸಾಲಲ್ಲ ಅಂತ ಮೋಸೆಸ್ ಕಿಂಕೇಡ್ ಅನ್ನೋ ಸಂಸದ 1904ರಲ್ಲಿ ಹೊಸ ಕಾನೂನು ತಂದ. 640 ಎಕರೆ, ಐದು ವರ್ಷ ವಾಸ ಮಾಡಿ ಅಭಿವೃದ್ಧಿ ತೋರಿಸಿದ್ರೆ ನಿಮ್ಮದೇ. ಜನ ಮುಗಿಬಿದ್ರು. ಮರ ಇಲ್ಲದ ಸೀಮೆ, ಹುಲ್ಲಿನ ಬೇರಿನ ಸಮೇತ ಮಣ್ಣು ಕತ್ತರಿಸಿ ಇಟ್ಟಿಗೆ ಥರ ಪೇರಿಸಿ ಮನೆ ಕಟ್ಟಿದ್ರು, ಒಣ ಸಗಣಿ ಉರಿಸಿ ಅಡುಗೆ ಮಾಡಿದ್ರು. 1907ರ ಸುಮಾರಿಗೆ ಆಫ್ರಿಕನ್ ಮೂಲದ ಕುಟುಂಬಗಳು ಡಿವಿಟ್ಟಿ ಅಂತ ತಮ್ಮದೇ ಊರು ಕಟ್ಟಿಕೊಂಡ್ವು.

ಹುಲ್ಲು ಒಡೆದು ಮೆಕ್ಕೆಜೋಳ ಹಾಕಿದ ಮೊದಲ ಒಂದೆರಡು ವರ್ಷ ಬೆಳೆ ಬಂತು. ಅದು ಮರಳು ಕೊಟ್ಟಿದ್ದಲ್ಲ, ಕೊಳೀತಿದ್ದ ಹುಲ್ಲಿನ ಬೇರು ಕೊಟ್ಟಿದ್ದು. ಬೇರು ಕರಗಿದ ಮೇಲೆ ಸಾರವೂ ಇಲ್ಲ, ಹಿಡಿತವೂ ಇಲ್ಲ. ಗಾಳಿ ನೇಗಿಲ ಸಾಲಿನಿಂದಲೇ ಮರಳು ಎತ್ತಿ ಬಾಣಲೆಯಂಥ ಗುಂಡಿ ತೋಡ್ತು. ಉಳೋಕೆ ಬಿಟ್ಟು ಬರೀ ದನ ಸಾಕೋಣ ಅಂದ್ರೆ, ಅಲ್ಲಿ ಒಂದು ಹಸುವಿಗೆ ವರ್ಷಕ್ಕೆ ಹದಿನೈದು-ಇಪ್ಪತ್ತು ಎಕರೆ ಹುಲ್ಲು ಬೇಕು. 640 ಎಕರೆಗೆ ಮೂವತ್ತು-ನಲವತ್ತು ಹಸು. ಉಳೋಕೆ ಕೆಟ್ಟ ನೆಲ, ಮೇಯಿಸೋಕೆ ಸಾಲದ ನೆಲ. ಬಹಳಷ್ಟು ಜನ ಪಕ್ಕದ ದೊಡ್ಡ ದನಗಾರರಿಗೆ ಮಾರಿ ಹೊರಟರು. ಡಿವಿಟ್ಟಿಯೂ 1930ರ ದಶಕದ ಹೊತ್ತಿಗೆ ಖಾಲಿ. ಅವರು ಸೋಮಾರಿಗಳಲ್ಲ. ಕಾಗದದ ಮೇಲೆ ಎಕರೆ ಎಣಿಸಿದವರಿಗೆ ಮಣ್ಣು ಗೊತ್ತಿರಲಿಲ್ಲ, ಪೆಟ್ಟು ತಿಂದಿದ್ದು ಇವರು.

ಪಾಠ ಕಲಿತ್ರಾ? ಅರ್ಧ. 1952ರಲ್ಲಿ ಫ್ರಾಂಕ್ ಜೈಬಾಕ್ ಅನ್ನೋ ರೈತ ಸುತ್ತು ತಿರುಗುವ ನೀರಾವರಿ ಯಂತ್ರಕ್ಕೆ ಪೇಟೆಂಟ್ ಪಡೆದ. 1970ರ ದಶಕದಲ್ಲಿ ಅದು ಮರಳು ದಿಬ್ಬಗಳಿಗೂ ಬಂತು. ಕೆಳಗೆ ನೀರಿದೆ, ಮೇಲೆ ಯಂತ್ರ ಇದೆ, ಮೆಕ್ಕೆಜೋಳಕ್ಕೆ ರೇಟು ಇದೆ. ಮತ್ತೆ ಉತ್ತರು. ಆದರೆ ಮರಳಲ್ಲಿ ಹಾಕಿದ ಸಾರಜನಕ ನೀರಿನ ಜೊತೆ ಬೇರು ದಾಟಿ ಇಳಿದುಬಿಡುತ್ತೆ. ಗೊಬ್ಬರದ ದುಡ್ಡೂ ಹೋಯ್ತು, ಕುಡಿಯೋ ನೀರೂ ಕೆಟ್ಟಿತು ಅನ್ನೋ ಹಾಗೆ. ರೇಟು ಬಿದ್ದಾಗ ಎಷ್ಟೋ ಹೊಲ ಕೈಬಿಟ್ಟರು, ಬರಿದಾದ ಮರಳು ಮತ್ತೆ ಎದ್ದಿತು.

ಇವತ್ತಿಗೂ ಅಲ್ಲಿ ಬಹುಪಾಲು ನೆಲ ಉಳದ ಹುಲ್ಲೇ. ಜನಕ್ಕಿಂತ ದನ ಎಷ್ಟೋ ಪಟ್ಟು. ಎಲ್ಲಾದ್ರೂ ಗುಂಡಿ ಬಿದ್ರೆ ಬೇಲಿ ಹಾಕಿ ದನ ತಡೀತಾರೆ, ಹಳೇ ಒಣಹುಲ್ಲು ಹರಡ್ತಾರೆ, ಹಳೇ ಟೈರನ್ನೂ ತುಂಬ್ತಾರೆ.

ನನ್ನನ್ನ ಕೇಳಿದವರಿಗೆ ನನ್ನ ಉತ್ತರ ಇಷ್ಟು. ನಾಲ್ಕು ಎಕರೆ ನೆಬ್ರಾಸ್ಕಾ ಅಲ್ಲ, ನಿಜ. ಶೇಂಗಾಕ್ಕೆ ಹಗುರ ಮಣ್ಣು ಒಗ್ಗುತ್ತೆ, ಅದೂ ನಿಜ. ಆದರೆ ಮೊದಲು ಗುದ್ದಲೀಲಿ ಎರಡು ಅಡಿ ಅಗೆದು ನೋಡಿ. ಕೆಳಗೆ ಜಿಗುಟು ಮಣ್ಣು ಸಿಕ್ಕಿದ್ರೆ ತಗ್ಗಿನ ಭಾಗ ಮಾತ್ರ ಉಳಿ, ಗಾಳಿ ಬರೋ ಪಡುವಣ ಕಡೆ ಹುಲ್ಲಿನ ಪಟ್ಟಿ ಅಗಲವಾಗಿ ಬಿಡಿ, ಯೂರಿಯಾ ಒಂದೇ ಸಲ ಸುರೀಬೇಡಿ. ಎರಡು ಅಡಿವರೆಗೂ ಬರೀ ಮರಳೇ ಆದ್ರೆ, ದಿಬ್ಬ ಮುಟ್ಟಬೇಡಿ. ಅಲ್ಲಿರೋ ಹುಲ್ಲೇ ಬೆಳೆ, ಎರಡು ಹಸು ಕಟ್ಟಿ.

ನಿಮ್ಮ ಅಜ್ಜ-ಮುತ್ತಜ್ಜಂದಿರು ಯಾವುದಾದ್ರೂ ಮರಳು ತುಂಡನ್ನ ಬೇಕಂತಲೇ ಬೀಳು ಬಿಟ್ಟಿದ್ರೆ, ಯಾಕೆ ಅಂತ ಗೊತ್ತಿದ್ರೆ, ಕೆಳಗೆ ಬರೀರಿ. ಅದೂ ಇತಿಹಾಸವೇ.