‘ನೊಸ್ಫೆರಾಟು’: ಬಣ್ಣದಲ್ಲಿ ಅದ್ದಿ ತೆಗೆದ ಇರುಳು

ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿ, 1922ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ಪ್ರದರ್ಶನ ಕಂಡ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ ರಕ್ತಪಿಶಾಚಿಯ ಕಥೆಯಾದರೂ, ಅದರ ಹೊರಾಂಗಣದ ಇರುಳಿನ ದೃಶ್ಯಗಳು ಚಿತ್ರೀಕರಣಗೊಂಡದ್ದು ಹಗಲಿನಲ್ಲೇ. 1920ರ ‘ಡಾ. ಕ್ಯಾಲಿಗರಿ’ ಚಿತ್ರವು ಸ್ಟುಡಿಯೋದೊಳಗೆ ಬಣ್ಣ ಬಳಿದ ಪರದೆಗಳಿಂದ ಭೀತಿಯ ಲೋಕವನ್ನು ಕಟ್ಟಿದ್ದರೆ, ಮುರ್ನೌ 1921ರಲ್ಲಿ ವಿಸ್ಮಾರ್‌ನ ಬಂದರು, ಲ್ಯೂಬೆಕ್‌ನ ಹಳೆಯ ಉಪ್ಪಿನ ಉಗ್ರಾಣಗಳು ಹಾಗೂ ಇಂದಿನ ಸ್ಲೊವಾಕಿಯಾದಲ್ಲಿರುವ ಒರಾವಾ ಕೋಟೆಯಂಥ ನೈಜ ಸ್ಥಳಗಳನ್ನೇ ಆರಿಸಿಕೊಂಡರು. ಆದರೆ ಮಂದ ಬೆಳಕನ್ನು ಗ್ರಹಿಸಲಾರದ ಅಂದಿನ ಫಿಲ್ಮಿನಲ್ಲಿ ಅಂಥ ಸ್ಥಳಗಳ ರಾತ್ರಿಯನ್ನು ಸೆರೆಹಿಡಿಯುವುದು ದುಸ್ಸಾಧ್ಯವಾಗಿತ್ತು.

ಈ ಕೊರತೆಯನ್ನು ನೀಗಿಸಿದ್ದು ಟಿಂಟಿಂಗ್, ಅಂದರೆ ಮುದ್ರಿತ ಪ್ರತಿಯ ತುಣುಕುಗಳನ್ನು ಬಣ್ಣದ ದ್ರಾವಣದಲ್ಲಿ ಅದ್ದಿ ಇಡೀ ದೃಶ್ಯಕ್ಕೆ ಒಂದೇ ವರ್ಣದ ಛಾಯೆ ಕೊಡುವ, ಆ ಕಾಲದಲ್ಲಿ ಸರ್ವೇಸಾಮಾನ್ಯವಾಗಿದ್ದ ವಿಧಾನ. ನೀಲಿ ಇರುಳನ್ನೂ, ಹಳದಿ ದೀಪದ ಬೆಳಕನ್ನೂ, ನಸುಗೆಂಪು ಮುಂಜಾವನ್ನೂ ಸೂಚಿಸುತ್ತಿತ್ತು. ಛಾಯಾಗ್ರಾಹಕ ಫ್ರಿಟ್ಸ್ ಆರ್ನೊ ವಾಗ್ನರ್ ಚಿತ್ರೀಕರಿಸಿದ ಕಾಡಿನ ಹಾದಿಯ ದೃಶ್ಯವೊಂದನ್ನು ನೆಗೆಟಿವ್ ರೂಪದಲ್ಲೇ ಸೇರಿಸಿದ್ದರಿಂದ ಕಪ್ಪು ಆಕಾಶದ ಕೆಳಗೆ ಮರಗಳು ಬೆಳ್ಳಗೆ ಹೊಳೆದವು; ವಸ್ತುವನ್ನು ಸ್ವಲ್ಪಸ್ವಲ್ಪವೇ ಸರಿಸುತ್ತ ಒಂದೊಂದೇ ಚೌಕಟ್ಟನ್ನು ಸೆರೆಹಿಡಿಯುವ ತಂತ್ರದಿಂದ ಶವಪೆಟ್ಟಿಗೆಯ ಮುಚ್ಚಳವು ತಾನಾಗಿಯೇ ಚಲಿಸುವಂತೆ ತೋರಿತು.

ಇವುಗಳಲ್ಲಿ ಕಥೆಗೆ ಅನಿವಾರ್ಯವಾಗಿದ್ದದ್ದು ಟಿಂಟಿಂಗ್. ಚಿತ್ರಕ್ಕೆ ಮೂಲವಾದ ಬ್ರಾಮ್ ಸ್ಟೋಕರ್‌ನ 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ಪಿಶಾಚಿಯು ಹಗಲಲ್ಲೂ ಓಡಾಡಬಲ್ಲದು. ಹೆನ್ರಿಕ್ ಗಾಲೀನ್ ಚಿತ್ರಕಥೆ ಬರೆದ ಈ ಚಿತ್ರದಲ್ಲಾದರೋ ಮ್ಯಾಕ್ಸ್ ಶ್ರೆಕ್ ಅಭಿನಯಿಸಿದ ಕೌಂಟ್ ಒರ್ಲಾಕ್ ಬೆಳಗಿನ ಬಿಸಿಲು ತಾಕಿದೊಡನೆ ಕರಗಿಹೋಗುತ್ತಾನೆ. ಆದುದರಿಂದ ಇರುಳು ಯಾವುದು, ಹಗಲು ಯಾವುದು ಎಂಬುದು ಪ್ರೇಕ್ಷಕನಿಗೆ ಸ್ಪಷ್ಟವಾಗದಿದ್ದರೆ ಕಥೆಯ ತರ್ಕವೇ ಕುಸಿಯುತ್ತದೆ.

ಮುಂದೆ ಆದದ್ದೂ ಅದೇ. ನಿರ್ಮಾಣ ಸಂಸ್ಥೆಯಾದ ಪ್ರಾಣ ಫಿಲ್ಮ್ ಪಾತ್ರಗಳ ಹೆಸರು ಬದಲಿಸಿತ್ತೇ ಹೊರತು ಕಾದಂಬರಿಯ ಹಕ್ಕನ್ನು ಪಡೆದಿರಲಿಲ್ಲವಾದ್ದರಿಂದ, ಸ್ಟೋಕರ್‌ನ ಪತ್ನಿ ಫ್ಲಾರೆನ್ಸ್ ನ್ಯಾಯಾಲಯದ ಮೊರೆಹೊಕ್ಕರು, ಸಂಸ್ಥೆ ದಿವಾಳಿಯಾಯಿತು, 1925ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂಬ ಆದೇಶ ಹೊರಟಿತು. ಹೊರದೇಶಗಳಿಗೆ ಹೋಗಿದ್ದ ಪ್ರತಿಗಳಿಂದ ಚಿತ್ರವೇನೋ ಉಳಿಯಿತು, ಆದರೆ ದಶಕಗಳ ಕಾಲ ಬಹುಮಟ್ಟಿಗೆ ಚಲಾವಣೆಯಲ್ಲಿದ್ದವು ಬಣ್ಣವಿಲ್ಲದ ಮರುಪ್ರತಿಗಳು. ಅವುಗಳಲ್ಲಿ ಬಿಸಿಲಿಗೆ ಅಳಿಯಬೇಕಾದ ಒರ್ಲಾಕ್ ಹಾಡಹಗಲಲ್ಲೇ ಶವಪೆಟ್ಟಿಗೆ ಹೊತ್ತು ಊರೊಳಗೆ ನಡೆಯುವಂತೆ ಕಂಡನು. 1922ರ ಫ್ರೆಂಚ್ ಪ್ರತಿಯೊಂದರಲ್ಲಿ ಉಳಿದುಬಂದ ಬಣ್ಣಗಳನ್ನು ಆಧರಿಸಿ ಮುರ್ನೌ ಪ್ರತಿಷ್ಠಾನವು ಈ ಶತಮಾನದ ಮೊದಲ ದಶಕದಲ್ಲಿ ಕೈಗೊಂಡ ಪುನರುದ್ಧಾರವು ಆ ದೃಶ್ಯಗಳಿಗೆ ಇರುಳನ್ನು ಮರಳಿಸಿ, ನಿರ್ದೇಶಕನ ಅಜಾಗರೂಕತೆಯಂತೆ ತೋರುತ್ತಿದ್ದದ್ದು ವಾಸ್ತವದಲ್ಲಿ ಮರುಪ್ರತಿಗಳ ದೋಷವೆಂಬುದನ್ನು ಸ್ಪಷ್ಟಪಡಿಸಿತು.